ಬೋರ್ಡಿನ ಹಿಂಬದಿ

ಮಾರ್ಚ್ ೪, ಸಂಜೆ

ಇವತ್ತೂ ಅಳಿಸಿದ್ದಾನೆ. ಹನ್ನೊಂದು ಓಣಿ. ನಿನ್ನೆ ಡಿಪೋದಲ್ಲಿ ಊಟದ ಬಿಡುವಿನಲ್ಲಿ ಕೂತು ಒಂದೊಂದಾಗಿ ಆನ್‌ಲೈನ್ ನಕ್ಷೆಗೆ ಹಾಕಿದ್ದೆ — ಹದಿನೇಳು ಮೆಟ್ಟಿಲು, ಎಮ್ಮೆ ತಿರುವು, ಮಂಜುಗಡ್ಡೆ ಬೀದಿ... ಬೆಳಿಗ್ಗೆ ನೋಡಿದರೆ ಎಲ್ಲವೂ ವಾಪಸ್ ಸರ್ಕಾರಿ ಕಚೇರಿಯ ಭಾಷೆಗೆ. ಕೆಳಗೆ ಒಂದು ಸಾಲು: ‘ಬೋರ್ಡಿನ ಮೇಲೆ ಬರೆದಿರುವುದೇ ಹೆಸರು. ನಿಯಮ ಓದಿಕೊಳ್ಳಿ.’ ಸಹಿ: ನೇರಗೆರೆ.

ನೇರಗೆರೆಯಂತೆ. ಗಂಡಸೇ ಇರಬೇಕು. ಇಷ್ಟು ನೀಟಾಗಿ ಇನ್ನೊಬ್ಬರ ತಲೆ ಕೆಡಿಸುವುದು ಅವರಿಗೇ ಸಾಧ್ಯ.

ಈ ನಕ್ಷೆ ಯಾರಪ್ಪನ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅದರ ಚಂದವೂ ಅದೇ, ಕರ್ಮವೂ ಅದೇ. ಒಂದು ಜಾಗಕ್ಕೆ ಹತ್ತು ಭಾಷೆಯಲ್ಲಿ ಹೆಸರು ಕೊಡಲು ಖಾನೆಗಳಿವೆ. ಆದರೆ ಫೋನಿನಲ್ಲಿ ಕಾಣುವುದು, ಹುಡುಕಿದರೆ ಸಿಗುವುದು ಮೊದಲನೇ ಖಾನೆಯದು ಮಾತ್ರ. ಉಳಿದವು ಅಟ್ಟದ ಮೇಲಿನ ಪಾತ್ರೆ.

ಕಾಲು ಕೆರೆದು ಜಗಳಕ್ಕೆ ಹೋದವಳಲ್ಲ ನಾನು. ಪಾರ್ಸೆಲ್ ಡಿಪೋದಲ್ಲಿ ರೂಟ್ ಮೇಜು ನನ್ನದು. ಫೆಬ್ರವರಿಯಲ್ಲಿ ಟೀಚರಮ್ಮನ ಇನ್ಸುಲಿನ್ ಡಬ್ಬಿ ಬಂತು. ಫೋನಿನಲ್ಲಿ ‘ಹದಿನೇಳು ಮೆಟ್ಟಿಲು’ ಎಂದರು. ಡ್ರೈವರ್ ಹೊಸಬ. ನಕ್ಷೆಯಲ್ಲಿರುವ ಹೆಸರು ಟೀಚರಮ್ಮನಿಗೆ ಗೊತ್ತಿಲ್ಲ, ಟೀಚರಮ್ಮ ಹೇಳಿದ್ದು ನಕ್ಷೆಯಲ್ಲಿಲ್ಲ. ಬಿಸಿಲಲ್ಲಿ ಎರಡು ಗಂಟೆ ಸುತ್ತಿ ಡಬ್ಬಿ ವಾಪಸ್ ತಂದ. ಒಳಗಿನ ಐಸ್ ನೀರಾಗಿತ್ತು. ಟೀಚರಮ್ಮ ಎರಡು ದಿನ ಆಸ್ಪತ್ರೆಯಲ್ಲಿದ್ದರು. ಅವತ್ತೇ ಶುರು ಮಾಡಿದೆ.

ಹನ್ನೊಂದನ್ನೂ ಮತ್ತೆ ಹಾಕಿದೆ. ಕಚೇರಿಯ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಪುಸ್ತಕ, ನನ್ನ ನಿಯಮ.

ಮಾರ್ಚ್ ೫

ಅಳಿಸಿದ. ಹಾಕಿದೆ.

ಮಾರ್ಚ್ ೬

ಅಳಿಸಿದ. ಹಾಕಿದೆ. ಅಳಿಸಿದ. ಕೈ ತೊಳೆದು ಬಂದು ಹಾಕಿದೆ.

ಮಾರ್ಚ್ ೮

ಪಂಚರು ನಡುವೆ ಬಂದರು. ಜಗಳ ಬಿದ್ದಾಗ ತೀರ್ಮಾನ ಹೇಳುವ ಮೂವರು ಹಿರಿಯ ತಿದ್ದುಗಾರರು. ಪಂಚರು ಅನ್ನುವುದು ನಾನಿಟ್ಟ ಹೆಸರು. ಇಬ್ಬರಿಗೂ ತಿದ್ದುವುದು ಬಂದ್. ಬೋರ್ಡಿನ ಫೋಟೊ ತನ್ನಿ ಎಂದರು. ಬೋರ್ಡಿನ ಮೇಲೆ ಯಾವ ಭಾಷೆ ಇದೆಯೋ ಮೊದಲ ಖಾನೆಗೆ ಆ ಭಾಷೆ. ಗಡುವು ಮಾರ್ಚ್ ೩೦, ಸಂಜೆ ಆರು. ಆಮೇಲೆ ಬೀಗ. ಯಾರೂ ಮುಟ್ಟುವ ಹಾಗಿಲ್ಲ.

ನೇರಗೆರೆ ಆಗಲೇ ನಲವತ್ತೊಂದು ಫೋಟೊ ಹಾಕಿಬಿಟ್ಟಿದ್ದಾನೆ. ನಲವತ್ತೊಂದು ಓಣಿ, ನಲವತ್ತೊಂದು ಬೋರ್ಡು. ಯಾವುದೋ ಕಾರಿನ ಮೇಲಿದ್ದ ಕ್ಯಾಮರಾ ತೆಗೆದ ಚಿತ್ರಗಳು. ಪುಣ್ಯಾತ್ಮ ಇಲ್ಲಿಗೆ ಕಾಲಿಟ್ಟೇ ಇಲ್ಲ.

ಒಂದನ್ನು ದೊಡ್ಡದು ಮಾಡಿ ನೋಡಿದೆ. ಅಕ್ಷರ ಮುಗಿಯುವಲ್ಲಿ ಬ್ರಷ್ ಎತ್ತುವಾಗ ಚೂರು ಎಡಕ್ಕೆ ಎಳೆಯುವ ರೀತಿ. ನನ್ನ ಶಾಲೆಯ ಪುಸ್ತಕಗಳ ಮೇಲೆ ನನ್ನ ಹೆಸರು ಹಾಗೇ ಇರುತ್ತಿತ್ತು. ಅಪ್ಪನ ಕೈ. ನಲವತ್ತೊಂದೂ ಅಪ್ಪನ ಕೈ.

ಗೊತ್ತಿರಲಿಲ್ಲವೆಂದಲ್ಲ. ಕಚೇರಿಯ ಬೋರ್ಡ್ ವಿಭಾಗದಲ್ಲಿ ಮೂವತ್ತು ವರ್ಷ ಬರೆದವನು. ಆದರೆ ನನ್ನ ವಿರುದ್ಧದ ಸಾಕ್ಷಿ ಅಂತ ಸಾಲಾಗಿ ನೋಡಿದ್ದು ಇವತ್ತೇ. ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅಪ್ಪ ಅಡುಗೆಮನೆಯಲ್ಲಿ ನನ್ನ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದ. ಏನೂ ಕೇಳದೆ ಉಂಡೆ.

ಮಾರ್ಚ್ ೯

ಅತ್ತೆಗೆ ಹೇಳಬಾರದಿತ್ತು. ಹೇಳಿಬಿಟ್ಟೆ.

ಅಪ್ಪನ ಅಕ್ಕ. ನಮ್ಮದೇ ಓಣಿ, ಎರಡು ಮನೆ ಆಚೆ. ಓಣಿಯ ಬಾಯಿಗೆ ಅಪ್ಪ ಬರೆದ ಬೋರ್ಡು ಬಂದ ದಿನದಿಂದ ಅವಳು ಆ ತುದಿಗೆ ಕಾಲಿಟ್ಟಿಲ್ಲ. ಇಪ್ಪತ್ತಾರು ವರ್ಷ. ತರಕಾರಿ ಅಂಗಡಿ ಬೋರ್ಡಿನ ಪಕ್ಕದಲ್ಲೇ ಇದೆ, ಅವಳ ಬಾಗಿಲಿಂದ ನಲವತ್ತು ಹೆಜ್ಜೆ. ಆದರೂ ಹಿಂದಿನ ತುದಿಯಿಂದ ಹೊರಟು ಇಡೀ ಬಡಾವಣೆ ಸುತ್ತಿ ಹೋಗುತ್ತಾಳೆ. ಅಪ್ಪನ ಜೊತೆ ಮಾತೂ ಬಂದ್. ‘ನಿಮ್ಮಪ್ಪನಿಗೆ ಹೇಳು’ ಅಂತ ನನ್ನ ಮೂಲಕವೇ ಎಲ್ಲ. ಅಪ್ಪ ಎದುರಿಗೇ ಕೂತಿದ್ದರೂ ಅಷ್ಟೇ. ನಾನು ಈ ಮನೆಯ ಅಂಚೆ ಪೆಟ್ಟಿಗೆ.

ನಮ್ಮ ಓಣಿಯ ಹೆಸರು ಕೊಡೆಮಡಚು ಓಣಿ. ಮಳೆ ಎಷ್ಟೇ ಸುರಿಯಲಿ, ಕೊಡೆ ಮಡಚದೆ ಒಳಗೆ ಬರಲಾಗುವುದಿಲ್ಲ. ಅಷ್ಟು ಕಿರಿದು. ಕೊಡೆ ಬಿಚ್ಚಿಕೊಂಡು ಬಂದವರನ್ನು ನೋಡಿ ಹೊರಗಿನವರು ಅಂತ ಗುರುತು ಹಿಡಿಯುತ್ತಿದ್ದೆವು.

ಅತ್ತೆ ಕೇಳಿ, ಬೀನ್ಸ್ ಮುರಿಯುವುದನ್ನು ನಿಲ್ಲಿಸಲಿಲ್ಲ. “ಅವನು ಬರೆದಿದ್ದನ್ನ ನೀನು ಅಳಿಸ್ತೀಯಾ? ಅಳಿಸು ನೋಡೋಣ.”

ಮಾರ್ಚ್ ೧೦, ಭಾನುವಾರ

ಖುಷಿಗೆ ಅಕ್ಷರ ಓಡುತ್ತಿದೆ. ನೆಟ್ಟಗೆ ಬರೆಯಬೇಕು.

ಹದಿನೇಳು ಮೆಟ್ಟಿಲಿಗೆ ಹೋಗಿದ್ದೆ. ಬೋರ್ಡಿನ ಹತ್ತಿರ ಗೀಚಿದ್ದಾದರೂ ನಮ್ಮ ಭಾಷೆಯದು ಏನಾದರೂ ಇದ್ದೀತು ಅಂತ ಹುಡುಕಲು. ಟೀಚರಮ್ಮನ ಗೋಡೆಗೆ ಸುಣ್ಣ ಹೊಡೆಯುತ್ತಿದ್ದಾರೆ. ಬೋರ್ಡು ಬಿಚ್ಚಿ, ಮುಖ ಗೋಡೆಗೆ ಮಾಡಿ ಒರಗಿಸಿದ್ದರು. ಹಿಂಬದಿ ನನ್ನ ಕಡೆ. ತುಕ್ಕು ಹಿಡಿದ ತಗಡು, ಜೇಡರ ಬಲೆ. ಅದರ ನಡುವೆ ಕೆಂಪು ಪೇಂಟಿನಲ್ಲಿ, ನಮ್ಮ ಭಾಷೆಯಲ್ಲಿ — ಹದಿನೇಳು ಮೆಟ್ಟಿಲು. ಅಕ್ಷರದ ಕೊನೆ ಚೂರು ಎಡಕ್ಕೆ.

ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಟೀಚರಮ್ಮ ನೀರು ತಂದುಕೊಟ್ಟರು, ಸಕ್ಕರೆ ಕಮ್ಮಿ ಆಯ್ತೇನೇ ಎಂದರು.

ಮನೆಗೆ ಬಂದು ಅಪ್ಪನ ಮುಂದೆ ಫೋಟೊ ಹಿಡಿದೆ. ಕನ್ನಡಕ ಏರಿಸಿ ನೋಡಿದ. “ಓ, ಅದಾ” ಎಂದ. ಇಪ್ಪತ್ತಾರು ವರ್ಷ ಬಾಯಿ ಬಿಡದವನು ಹೇಳಿದ್ದು ಇಷ್ಟು: ಬೋರ್ಡು ಬಿಗಿಯುವ ಗ್ಯಾಂಗಿನವರು ನಮ್ಮವರೇ, ಕಚೇರಿ ಭಾಷೆ ಓದಲು ಬರುತ್ತಿರಲಿಲ್ಲ. ಯಾವ ಬೋರ್ಡು ಯಾವ ಓಣಿಗೆ ಅಂತ ತಿಳಿಯಬೇಕಲ್ಲ. ಅದಕ್ಕೆ ಎಲ್ಲದರ ಹಿಂದೆಯೂ ಬರೆದು ಕಳಿಸುತ್ತಿದ್ದ.

ಎಲ್ಲದರ ಹಿಂದೆಯಾ ಅಂದೆ. ಎಲ್ಲದರ ಹಿಂದೆ ಅಂದ. ಆಮೇಲೆ ಯಾಕೋ ಎದ್ದು ಒಳಗೆ ಹೋದ.

ಬೋರ್ಡಿನ ಮೇಲೆ ಬರೆದಿರುವುದೇ ಹೆಸರು ತಾನೇ, ನೇರಗೆರೆ ಸಾಹೇಬರೇ? ತಗೊಳ್ಳಿ.

ಮಾರ್ಚ್ ೧೨

ಕಂಬದ ಮೇಲಿನ ಬೋರ್ಡು ಒಂಬತ್ತು. ಹಿಂದಿನಿಂದ ನಿಂತು ನೋಡಿದರೆ ಸಾಕು. ಎಲ್ಲದರಲ್ಲೂ ಇದೆ! ಎಷ್ಟು ಸಲ ಅವುಗಳ ಕೆಳಗೆ ಹಾದುಹೋಗಿದ್ದೇನೆ. ಹಿಂದಿನಿಂದ ಬೋರ್ಡು ಓದುವವರು ಯಾರಿದ್ದಾರೆ?

ಹತ್ತು ಫೋಟೊ ಹಾಕಿದೆ. ನೇರಗೆರೆಯ ಉತ್ತರ: ‘ಇದು ಹಿಂಬದಿ.’ ನನ್ನ ಉತ್ತರ: ‘ಹಿಂಬದಿಯೂ ಬೋರ್ಡೇ.’

ಮಾರ್ಚ್ ೧೭, ಭಾನುವಾರ

ಉಳಿದವೆಲ್ಲ ಗೋಡೆಗೆ ಬಿಗಿದವು. ಸ್ಕ್ರೂಡ್ರೈವರ್, ಎಣ್ಣೆ ಬಾಟಲಿ, ಮಡಚುವ ಏಣಿ. ಹಾಡಹಗಲು. ಮನೆಯವರನ್ನು ಕೇಳುವುದು, ಬಿಚ್ಚುವುದು, ಫೋಟೊ, ಮತ್ತೆ ಬಿಗಿಯುವುದು. ಮೊದಲ ಮನೆಯವರು ನನ್ನನ್ನು ಕಳ್ಳಿಯ ಹಾಗೆ ನೋಡಿದರು. ಹಿಂಬದಿ ತೋರಿಸಿದೆ. ನಾಲ್ಕನೇ ಮನೆಯ ಹೊತ್ತಿಗೆ ಸುದ್ದಿ ನನಗಿಂತ ಮುಂದೆ ಓಡಿತ್ತು. ನಾನು ಹೋಗುವ ಮೊದಲೇ ಜನ ಸ್ಕ್ರೂ ಸಡಿಲಿಸಿಕೊಂಡು ಕಾಯುತ್ತಿದ್ದರು. ಮಂಜುಗಡ್ಡೆ ಬೀದಿಯ ದರ್ಜಿ ಬೋರ್ಡನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತ ಕೂತಿದ್ದ. ಅವನ ತಾತ ಐಸ್ ಫ್ಯಾಕ್ಟರಿಯಲ್ಲಿದ್ದನಂತೆ. ಫ್ಯಾಕ್ಟರಿ ಹೋಯಿತು, ಹೆಸರೂ ಹೋಯಿತು ಅಂದುಕೊಂಡಿದ್ದೆ ಎಂದ.

ಇವತ್ತು ಇಪ್ಪತ್ತೆರಡು. ಮೈಯೆಲ್ಲ ತುಕ್ಕು. ಇಂಥ ಒಳ್ಳೆಯ ಭಾನುವಾರ ಕಂಡು ಎಷ್ಟು ವರ್ಷವಾಯಿತೋ.

ಮಾರ್ಚ್ ೧೯

ಮ್ಯಾನೇಜರ್ ಕರೆದರು. ಕಚೇರಿಯವರ ಕಾಗದಪತ್ರವೂ ನಮ್ಮ ಡಿಪೋದಿಂದಲೇ ಹೋಗುವುದು, ಸುಮ್ಮನೆ ಮೂಗು ತೂರಿಸಬೇಡ ಎಂದರು. ಕೇಳಿಸಿಕೊಂಡೆ. ಫೆಬ್ರವರಿಯಿಂದ ಈಚೆಗೆ ವಿಳಾಸ ಸಿಗದೆ ವಾಪಸ್ ಬಂದ ಪಾರ್ಸೆಲ್‌ಗಳ ರಾಶಿ ಅವರ ಬೆನ್ನ ಹಿಂದೆಯೇ ಇತ್ತು. ತಿರುಗಿ ನೋಡಿ ಅಂದೆ. ನೋಡಲಿಲ್ಲ. ನಾನು ಸೊಪ್ಪು ಹಾಕಲಿಲ್ಲ.

ಮಾರ್ಚ್ ೨೧

ಇದನ್ನು ನಿರೀಕ್ಷಿಸಿರಲಿಲ್ಲ. ನೇರಗೆರೆ ಬರೆದಿದ್ದಾನೆ, ಎಲ್ಲರೂ ಓದುವ ಹಾಗೆ:

‘ನಿಯಮವನ್ನು ನಾಲ್ಕು ಸಲ ಓದಿದೆ. ಬೋರ್ಡಿನ ಮೇಲೆ ಎಂದಿದೆ. ಮುಂಬದಿ ಎಂದು ಎಲ್ಲೂ ಇಲ್ಲ. ಎರಡು ಹೆಸರಿದ್ದಾಗ ಅಲ್ಲಿಯ ಜನ ಬಳಸುವುದು ಮೊದಲು ಎಂದೂ ಇದೆ. ನಾನು ಸೋತೆ. ಆದರೆ ಪ್ರತಿ ಓಣಿಗೂ ಫೋಟೊ ಬೇಕು. ಫೋಟೊ ಇಲ್ಲದ್ದಕ್ಕೆ ಹೆಸರಿಲ್ಲ.’

ಎರಡು ಸಲ ಓದಿದೆ. ಮೂರು ವಾರ ಬೈದುಕೊಂಡ ಮನುಷ್ಯ. ಹಠಮಾರಿಯೇ, ಆದರೆ ತನ್ನ ಹಠಕ್ಕೂ ಅದೇ ಅಳತೆಪಟ್ಟಿ ಹಿಡಿಯುವವನು. ಒಂದು ‘ಧನ್ಯವಾದ’ ಬರೆದೆ. ಬರೆಯುವಾಗ ಹಲ್ಲು ಕಡಿಯಲಿಲ್ಲ.

ಮಾರ್ಚ್ ೨೨

ನಕ್ಷೆಯ ಚರ್ಚಾಪುಟದಲ್ಲೆಲ್ಲ ಅಪ್ಪನದೇ ಮಾತು. ‘ಗುಪ್ತ ವೀರ’ ಅಂತೆ. ‘ಕಚೇರಿಯ ಬೆನ್ನಿಗೇ ಬರೆದ ಧೀರ’ ಅಂತೆ. ಊಟಕ್ಕೆ ಕೂತಾಗ ಓದಿ ಹೇಳಿದೆ. ಹಿಗ್ಗುತ್ತಾನೆ ಅಂದುಕೊಂಡೆ. ತಟ್ಟೆ ದೂಡಿದ.

“ಧೈರ್ಯ ಅಲ್ಲ ಕಣೇ ಅದು. ಗ್ಯಾಂಗಿನವರಿಗೆ ದಾರಿ ತಪ್ಪದೆ ಇರ್ಲಿ ಅಂತ ಬರೆದೆ. ನಂಗೆ ಧೈರ್ಯ ಇದ್ದಿದ್ರೆ ಮುಂದೇನೇ ಬರೀತಿದ್ದೆ.”

ಮಾರ್ಚ್ ೨೪, ಭಾನುವಾರ

ಇವತ್ತು ಎಂಟು. ಒಟ್ಟು ನಲವತ್ತು. ಕೊನೆಗೆ ಇಟ್ಟುಕೊಂಡಿದ್ದು ನಮ್ಮದು. ಹಬ್ಬದೂಟದ ಕೊನೆಗೆ ಸಿಹಿ ಉಳಿಸಿಕೊಂಡ ಹಾಗೆ.

ಅಪ್ಪ ಬೇಡ ಎಂದ. ನಾಳೆ ಮಾಡಿದರಾಯಿತು ಎಂದ. ಬೆನ್ನು ನೋವು ಎಂದ — ಏಣಿ ಹತ್ತುವವಳು ನಾನು! ಬಿಚ್ಚಿದೆ. ತಿರುಗಿಸಿದೆ.

ಏನೂ ಇಲ್ಲ. ಬರೀ ತಗಡು.

ಒರೆಸಿದೆ. ಬಿಸಿಲಿಗೆ ಹಿಡಿದೆ. ಏನೂ ಇಲ್ಲ.

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಲಿಲ್ಲ. ಆ ಬೋರ್ಡನ್ನು ಗ್ಯಾಂಗಿಗೆ ಕೊಟ್ಟಿರಲಿಲ್ಲವಂತೆ. ನಮ್ಮ ಓಣಿಯ ಗೋಡೆಗೆ ಬೇರೆಯವರು ತೂತು ಕೊರೆಯುವುದು ಬೇಡ ಅಂತ ತಾನೇ ತಂದು ತಾನೇ ಬಿಗಿದನಂತೆ. ಹಿಂದೆ ಬರೆಯುವ ಅಗತ್ಯ ಯಾರಿಗಿತ್ತು?

ನಲವತ್ತು ಓಣಿಗೆ ಹೆಸರು ಸಿಕ್ಕಿತು. ನಮ್ಮದಕ್ಕೆ ಮಾತ್ರ ಇಲ್ಲ.

ಮಾರ್ಚ್ ೨೬

ಅತ್ತೆ ಬಂದಳು. ಯಾರೋ ಹೇಳಿದ್ದಾರೆ. ಬಾಗಿಲಲ್ಲೇ ನಿಂತಳು. ಅಪ್ಪ ಎರಡು ಮಾರು ದೂರದಲ್ಲಿದ್ದ.

“ನಿಮ್ಮಪ್ಪನ್ನ ಕೇಳು. ಊರಿನ ಓಣಿಗೆಲ್ಲ ಬರೆದವನಿಗೆ ತನ್ನ ಓಣಿಗೆ ಯಾಕೆ ಕೈ ಬರ್ಲಿಲ್ಲ ಅಂತ.”

ನಾನು ಕೇಳಬೇಕಾಗಲಿಲ್ಲ. “ನಂಗೆ ದಾರಿ ಗೊತ್ತಿತ್ತಲ್ಲ ಅಕ್ಕ” ಅಂದ ಅಪ್ಪ.

ಅತ್ತೆ ಹೊರಟುಹೋದಳು. ಹಿಂದಿನ ತುದಿಯ ಕಡೆಗೇ. ಅಪ್ಪ ರಾತ್ರಿ ಉಣ್ಣಲಿಲ್ಲ.

ಮಾರ್ಚ್ ೨೭

ಬೋರ್ಡ್ ವಿಭಾಗದ ಮೇಲ್ವಿಚಾರಕರು ಮನೆಗೆ ಬಂದಿದ್ದರು. ಅಪ್ಪನ ಕೈಕೆಳಗೆ ಬ್ರಷ್ ಹಿಡಿಯಲು ಕಲಿತವರು. ಕೆಟ್ಟವರಲ್ಲ. ಫೈಲಿನಿಂದ ಒಂದು ಕಾಗದ ತೆಗೆದರು. ಬೋರ್ಡುಗಳ ಹಿಂದಿನ ಬರಹ ತನ್ನದಲ್ಲ, ಇತ್ತೀಚೆಗೆ ಯಾರೋ ಬರೆದದ್ದು ಅಂತ ಅಪ್ಪನ ಹೇಳಿಕೆ. ಟೈಪ್ ಆಗಿ ಬಂದಿದೆ, ಸಹಿ ಒಂದೇ ಬಾಕಿ.

“ಹಾಕ್ಬಿಡಿ ಸಾರ್. ನಿಮ್ಮ ಪಿಂಚಣಿಗೆ ತೊಂದ್ರೆ ಬರಲ್ಲ.”

ಸಹಿ ಬಿದ್ದರೆ ನನ್ನ ಫೋಟೊಗಳೆಲ್ಲ ಖೋಟಾ, ನಲವತ್ತೂ ಹೋದವು. ಬೀಳದಿದ್ದರೆ ವಿಚಾರಣೆ, ಅಪ್ಪನ ಪಿಂಚಣಿಗೆ ಕುತ್ತು. ಹಾಕಬೇಡ ಅನ್ನಲು ಬಾಯಿ ಬರಲಿಲ್ಲ. ಹಾಕು ಅನ್ನಲೂ ಬರಲಿಲ್ಲ.

ಅಪ್ಪ ಪೂರ್ತಿ ಓದಿದ. ಒಳಗೆ ಹೋಗಿ ತನ್ನ ಪೆನ್ನು ತಂದ. ಟೈಪ್ ಮಾಡಿದ್ದಕ್ಕೆ ಒಂದು ಅಡ್ಡಗೆರೆ ಎಳೆದು, ಕೆಳಗೆ ನಮ್ಮ ಭಾಷೆಯಲ್ಲಿ ಬರೆದ — ‘ಬರೆದವನು ನಾನೇ.’ ಸಹಿ. ತಾರೀಕು.

ಇದನ್ನು ಕಚೇರಿ ತೆಗೆದುಕೊಳ್ಳುವುದಿಲ್ಲ, ಕಚೇರಿ ಭಾಷೆಯಲ್ಲಿರಬೇಕು ಎಂದು ಮೇಲ್ವಿಚಾರಕರು ರಾಗ ಎಳೆದರು.

“ಹಿಂಬದಿ ಖಾಲಿ ಇದೆಯಲ್ಲಪ್ಪ. ಬೇಕಾದ್ರೆ ಅಲ್ಲಿ ಬರ್ಕೊಳ್ಳಿ.”

ಅವರು ಹೋದ ಮೇಲೆ ನಾನು ನಕ್ಕೆ, ನಿಲ್ಲಿಸಲಾಗದ ಹಾಗೆ. ಅಪ್ಪನೂ ನಕ್ಕ. ಆಮೇಲೆ ನನಗೆ ಸ್ವಲ್ಪ ಅಳು ಬಂತು.

ಮಾರ್ಚ್ ೨೯

ಅಪ್ಪ ಸಣ್ಣ ದನಿಯಲ್ಲಿ ಕೇಳಿದ. ಈಗ ಹಿಂದೆ ಬರೆದುಕೊಟ್ಟರೆ? ಚೂರು ಮಣ್ಣು ಉಜ್ಜಿದರೆ ಹಳೆಯದೇ ಅನ್ನಿಸುತ್ತದೆ ಎಂದ. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಲವತ್ತು ನಿಜಗಳ ಪಕ್ಕ ಒಂದು ಮೋಸ ಇಡಲಾರೆ.

ನೇರಗೆರೆಗೇ ಬರೆದೆ, ಇದ್ದದ್ದು ಇದ್ದ ಹಾಗೆ. ಒಂದು ಬೋರ್ಡು ಖಾಲಿ. ನನ್ನದೇ ಓಣಿ. ಹೊಸದಾಗಿ ಬರೆದರೆ ಒಪ್ಪುತ್ತೀರಾ?

ಸಂಜೆ ಉತ್ತರ. ‘ನಿಯಮ ಬಣ್ಣದ ವಯಸ್ಸು ಕೇಳುವುದಿಲ್ಲ. ಆದರೆ ಈಗ ಹಿಂಬದಿಯಲ್ಲಿ ಬರೆದರೆ ಅದು ನನಗೆ ತೋರಿಸಲು ಬರೆದದ್ದು. ಒಪ್ಪುವುದಿಲ್ಲ. ಮುಂಬದಿಯಲ್ಲಿ ಬರೆದರೆ ಓಣಿಗಾಗಿ ಬರೆದದ್ದು. ನಾಳೆ ಆರರವರೆಗೆ ಸಮಯವಿದೆ.’

ಅಪ್ಪನಿಗೆ ಓದಿ ಹೇಳಿದೆ. ಸರ್ಕಾರಿ ಬೋರ್ಡು ಅಪ್ಪ, ಬೇಡ, ಹಿಂದೆ ಬರೆದಿದ್ದಕ್ಕೇ ಇಷ್ಟಾಗಿದೆ ಅಂದೆ. ನಿಜವಾಗಿ ಭಯವಾಯಿತು. ಅಪ್ಪ ಹೊರಗಿದ್ದ ತನ್ನ ಬಣ್ಣದ ಪೆಟ್ಟಿಗೆ ತೆಗೆದ. ಬ್ರಷ್‌ಗಳನ್ನು ಟರ್ಪೆಂಟೈನಿನಲ್ಲಿ ನೆನೆಹಾಕಿದ. ಮನೆಯೆಲ್ಲ ಆ ವಾಸನೆ, ನಾನು ಶಾಲೆಯಿಂದ ಬರುವಾಗ ಅವನ ಅಂಗಿಯಲ್ಲಿರುತ್ತಿದ್ದ ವಾಸನೆ.

ಮಾರ್ಚ್ ೩೦, ಶನಿವಾರ, ಬೆಳಿಗ್ಗೆ ೮

ಡಿಪೋಗೆ ರಜೆ ಹಾಕಿದೆ. ಕಾರಣ: ಮನೆ ಕೆಲಸ.

ಬೆಳಿಗ್ಗೆ ೧೦.೪೦

ಪುಸ್ತಕ ಜೊತೆಗೇ ತಂದಿದ್ದೇನೆ. ತರಕಾರಿ ಅಂಗಡಿಯ ಕಟ್ಟೆ. ಅಪ್ಪ ಏಣಿಯ ನಾಲ್ಕನೇ ಮೆಟ್ಟಿಲಲ್ಲಿ. ಕಚೇರಿಯ ಹೆಸರನ್ನು ಮುಟ್ಟಿಲ್ಲ, ಅದು ತನ್ನದೇ ಕೈ ಅಂತ. ಅದರ ಕೆಳಗೆ ಒಂದು ಗೇಣು ಜಾಗವಿದೆ. ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದುಕೊಂಡ. ಏಣಿ ಹಿಡಿಯಲು ಹೋದರೆ ನೀನು ಫೋಟೊಗೆ ತಯಾರಾಗು ಎಂದ. ಏಣಿ ಸ್ವಲ್ಪ ಅಲ್ಲಾಡುತ್ತಿದೆ. ಇಡೀ ಓಣಿ ಬಾಗಿಲಲ್ಲಿದೆ.

ಕೊ. ಡೆ.

೧೦.೫೫

ಅತ್ತೆ ಬರುತ್ತಿದ್ದಾಳೆ. ಈ ತುದಿಗೆ. ಗೋಡೆ ಹಿಡಿದುಕೊಂಡು, ನಿಧಾನಕ್ಕೆ... ತರಕಾರಿಯವನು ತಕ್ಕಡಿ ಕೆಳಗಿಟ್ಟ. ಬಂದಳು. ಏಣಿಯ ಎರಡೂ ಕಾಲು ಗಟ್ಟಿಯಾಗಿ ಹಿಡಿದಳು. ತಲೆ ಎತ್ತಿ ನೋಡಿದಳು.

“ಎರಡನೇ ಅಕ್ಷರ ವಾಲಿದೆ ಕಣೋ.”

ಅವನಿಗೇ ಹೇಳಿದಳು. ನನಗಲ್ಲ.

ಅಪ್ಪ ಬ್ರಷ್ ಹಿಡಿದವನು ಕೆಳಗೆ ನೋಡದೆ — “ನೀನು ಏಣಿ ನೆಟ್ಟಗೆ ಹಿಡಿ ಅಕ್ಕ. ಅಕ್ಷರನೂ ನೆಟ್ಟಗಾಗುತ್ತೆ.”

೧೧.೧೫

ಮ. ಡ. ಚು. ಕೊನೆಯಲ್ಲಿ ಚೂರು ಎಡಕ್ಕೆ, ಅದೇ ರೀತಿ. ಇನ್ನು ‘ಓಣಿ’ ಒಂದು.

ಮೂಲೆಯಲ್ಲಿ ಕಚೇರಿಯ ಜೀಪು ನಿಂತಿತು. ಮೇಲ್ವಿಚಾರಕರು ಇಳಿದರು, ಜೊತೆಗೆ ಇನ್ನಿಬ್ಬರು. ದರ್ಜಿ, ಟೀಚರಮ್ಮ, ಎಮ್ಮೆ ತಿರುವಿನವರು — ಇವರೆಲ್ಲ ಯಾವಾಗ ಬಂದರೋ — ದಾರಿಗೆ ಅಡ್ಡ ನಿಂತಿದ್ದಾರೆ. ಯಾರೋ ಇಳೀರಿ ಸಾರ್ ಎಂದು ಕೂಗಿದರು. ಅಪ್ಪ ಡಬ್ಬಿಗೆ ಬ್ರಷ್ ಅದ್ದಿದ. ಅತ್ತೆ ಏಣಿ ಬಿಡುತ್ತಿಲ್ಲ.

‘ಓ’ ಆಯಿತು. ಫೋನು ಎಲ್ಲಿ — ಸಿಕ್ಕಿತು. ಇನ್ನೊಂದೇ ಅಕ್ಷರ. ಪುಸ್ತಕ ಇಲ್ಲೇ ಇಟ್ಟು ಎದ್ದು ನಿಲ್ಲಬೇಕು, ಪೂರ್ತಿ ಬೋರ್ಡು ಬರಬೇಕು, ಅಪ್ಪ, ಅತ್ತೆ, ಎಲ್ಲ, ಮುಂಬದಿಯಿಂದ, ಈಗ